ಸಿಗ್ನಲ್ ಕಾಣದ ಎರಡು ತಿಂಗಳು

ಜನವರಿಯ ಒಂದು ಬೆಳಿಗ್ಗೆ ಬೆಂಗಳೂರಿನ ರೈಲು ನಿಲ್ದಾಣಕ್ಕೆ ಹೋಗಿ ನೋಡಿ. ಹತ್ತು ಗಂಟೆಗೆಲ್ಲ ಬಿಸಿಲು ಚುರುಗುಟ್ಟುತ್ತಿರುತ್ತದೆ. ಮುಂಜಾನೆ ಹಾಕಿಕೊಂಡು ಬಂದ ಸ್ವೆಟರು ಸೊಂಟಕ್ಕೆ ಇಳಿದಿರುತ್ತದೆ. ಅಂಥ ಹೊತ್ತಿನಲ್ಲಿ ಮೈಕಿನ ದನಿ, ಉತ್ತರಕ್ಕೆ ಹೋಗುವ ಗಾಡಿ ಇಂತಿಷ್ಟು ಗಂಟೆ ತಡವಾಗಿ ಹೊರಡಲಿದೆ ಎಂದು ಹೇಳಿ, ಮೂರು ಭಾಷೆಯಲ್ಲಿ ವಿಷಾದ ಸೂಚಿಸಿ ಸುಮ್ಮನಾಗುತ್ತದೆ. ವಿಚಾರಣಾ ಕೌಂಟರಿನಲ್ಲಿ ಕಾರಣ ಕೇಳಿದರೆ ‘ಪೇರಿಂಗ್ ಟ್ರೈನ್ ಲೇಟು’ ಎಂಬ ಉತ್ತರ. ಆಕಾಶದಲ್ಲಿ ಚೂರು ಮೋಡವಿಲ್ಲ, ಹಳಿಯ ಮೇಲೆ ಅಡ್ಡಿಯಿಲ್ಲ, ಇಂಜಿನ್ ಕೆಟ್ಟಿಲ್ಲ. ಆದರೂ ದಾನಾಪುರಕ್ಕೋ ದರ್ಭಂಗಾಕ್ಕೋ ಹೊರಟ ಸಂಸಾರಗಳು ಗಂಟುಮೂಟೆಯ ಮೇಲೆ ತಲೆಯಿಟ್ಟು ಮಲಗಿರುತ್ತವೆ.

ಅವರು ಹತ್ತಬೇಕಾದ ಗಾಡಿ ಇನ್ನೂ ಊರಿಗೇ ಬಂದಿಲ್ಲ. ದೂರದ ರೈಲಿನ ಬೋಗಿಗಳ ಸಾಲಿಗೆ ರೈಲ್ವೆಯವರು ‘ರೇಕ್’ ಎನ್ನುತ್ತಾರೆ. ಅತ್ತ ಕಡೆಯಿಂದ ಬಂದ ರೇಕೇ ಪಿಟ್ ಲೈನಿಗೆ ಹೋಗಿ, ತೊಳೆಸಿಕೊಂಡು, ನೀರು ತುಂಬಿಸಿಕೊಂಡು, ಬ್ರೇಕು ಪರೀಕ್ಷೆ ಮುಗಿಸಿಕೊಂಡು ಇತ್ತ ಕಡೆಯಿಂದ ಮತ್ತೆ ಹೊರಡಬೇಕು. ಈ ಆರೈಕೆಗೇ ಐದಾರು ಗಂಟೆ ಹಿಡಿಯುತ್ತದೆ. ಸುರಕ್ಷತೆಯ ಮಾತಾದ್ದರಿಂದ ಅದನ್ನು ಅವಸರದಲ್ಲಿ ಮುಗಿಸುವ ಹಾಗಿಲ್ಲ. ಬೆಂಗಳೂರಿನಿಂದ ದಾನಾಪುರಕ್ಕೆ ಹೋಗುವ ಸಂಘಮಿತ್ರ, ಮೈಸೂರಿನಿಂದ ದರ್ಭಂಗಾಕ್ಕೆ ಹೋಗುವ ಬಾಗ್ಮತಿ, ಇವೆಲ್ಲ ಎರಡು ದಿನ, ಅದಕ್ಕೂ ಮಿಕ್ಕಿದ ಹಾದಿಯ ಗಾಡಿಗಳು. ಮೊನ್ನೆ ರಾತ್ರಿ ಪ್ರಯಾಗ್‌ರಾಜ್ ದಾಟಿದ ಮೇಲೆ ಕವಿದ ಕಾವಳದ ಲೆಕ್ಕವನ್ನು ಇವತ್ತು ಇಲ್ಲಿ, ಬಿಸಿಲಿನಲ್ಲಿ ಕೂತವರು ಚುಕ್ತಾ ಮಾಡುತ್ತಾರೆ.

ಉತ್ತರದ ಚಳಿಯನ್ನು ನಾವು ಟಿವಿಯಲ್ಲಿ ನೋಡುವುದು ಬೇರೆ ಬಗೆಯಲ್ಲಿ: ಬೆಂಕಿ ಕಾಯಿಸಿಕೊಳ್ಳುವ ಮುದುಕರು, ಕಂಬಳಿ ಹೊದ್ದ ಹಸು, ಕೊನೆಗೆ ‘ಜನಜೀವನ ಅಸ್ತವ್ಯಸ್ತ’ ಎಂಬ ಅಡಿಬರಹ. ವರ್ಷವರ್ಷವೂ ಡಿಸೆಂಬರ್ ಮಧ್ಯದಿಂದ ಫೆಬ್ರುವರಿ ಮಧ್ಯದವರೆಗೆ, ಅದೇ ಜಾಗಕ್ಕೆ, ಪಂಚಾಂಗ ನೋಡಿಕೊಂಡು ಬಂದಂತೆ ಬರುವ ಮಂಜನ್ನು ಈಗಲೂ ಆಕಸ್ಮಿಕ ವಿಕೋಪದ ಖಾನೆಯಲ್ಲಿ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ದಿನಾಂಕ ಗೊತ್ತಿರುವ, ಜಾಗ ಗೊತ್ತಿರುವ, ಕಾರಣ ಗೊತ್ತಿರುವ ಸಂಗತಿ ಆಕಸ್ಮಿಕ ಹೇಗಾದೀತು?

ಕಾರಣದಿಂದಲೇ ಶುರು ಮಾಡೋಣ. ಆಗುಂಬೆ, ಮಡಿಕೇರಿಯ ಮಂಜು ನೋಡಿ ಬೆಳೆದವರಿಗೆ ಮಂಜೆಂದರೆ ಓಡಾಡುವ ವಸ್ತು; ಕಣಿವೆಯಿಂದ ಏರುತ್ತದೆ, ರಸ್ತೆ ದಾಟುತ್ತದೆ, ಗಾಳಿ ಬೀಸಿದರೆ ಹರಿದುಹೋಗುತ್ತದೆ. ಗಂಗೆಯ ಬಯಲಿನದು ಕದಲುವ ಜಾತಿಯದಲ್ಲ. ಮೆಡಿಟರೇನಿಯನ್ ಕಡೆಯಿಂದ ಬರುವ, ಹವಾಮಾನ ಇಲಾಖೆಯವರು ‘ವೆಸ್ಟರ್ನ್ ಡಿಸ್ಟರ್ಬೆನ್ಸ್’ ಎನ್ನುವ ಚಳಿಗಾಲದ ಮಾರುತ ಒಂದಿಷ್ಟು ಮಳೆ ಸುರಿಸಿ ಹೋಗುತ್ತದೆ. ನೆಲ ತೇವವಾಗಿರುತ್ತದೆ. ಅದು ಸಾಲದೆಂಬಂತೆ ಪಂಜಾಬಿನಿಂದ ಬಿಹಾರದವರೆಗೆ ಗೋಧಿ ಹೊಲಗಳಿಗೆ ಕಾಲುವೆ, ಕೊಳವೆಬಾವಿಯ ನೀರು ಹರಿಯುತ್ತಿರುತ್ತದೆ. ಮಾರುತ ದಾಟಿದ ಮೇಲೆ ಆಕಾಶ ತಿಳಿಯಾಗುತ್ತದೆ, ಗಾಳಿ ನಿಲ್ಲುತ್ತದೆ. ಉದ್ದನೆಯ ರಾತ್ರಿಯಲ್ಲಿ ನೆಲ ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟು ತಣ್ಣಗಾಗುತ್ತದೆ. ನೆಲಕ್ಕಂಟಿದ ಗಾಳಿಯೂ ತಣ್ಣಗಾಗಿ, ಅದರಲ್ಲಿರುವ ತೇವ ಹನಿಗಟ್ಟುತ್ತದೆ. ಮೇಲಿನ ಗಾಳಿ ಬೆಚ್ಚಗೆ, ಕೆಳಗಿನದು ತಣ್ಣಗೆ. ಹೀಗೆ ತಲೆಕೆಳಗಾದಾಗ ಕೆಳಗಿನ ಗಾಳಿ ಮೇಲೇಳುವುದಿಲ್ಲ. ಉತ್ತರಕ್ಕೆ ಹಿಮಾಲಯ ಗೋಡೆಯಾಗಿ ನಿಂತಿದೆ. ಉಪಗ್ರಹದ ಚಿತ್ರ ನೋಡಿದರೆ ಲಾಹೋರಿನಿಂದ ಬಂಗಾಳದವರೆಗೆ ಬೆಳ್ಳನೆಯ ಪಟ್ಟಿ, ಬೆಟ್ಟದ ತಪ್ಪಲಿನಲ್ಲಿ ಕತ್ತರಿಸಿದ ಹಾಗೆ ಕೊನೆಯಾಗಿರುತ್ತದೆ.

ಹೊಗೆ, ದೂಳು ಇದಕ್ಕೆ ಕೈಜೋಡಿಸುತ್ತವೆ. ಹನಿಗಟ್ಟಲು ತೇವಕ್ಕೆ ಒಂದು ಕಣದ ಆಸರೆ ಬೇಕು. ವಾಹನ, ಕಾರ್ಖಾನೆ, ಒಲೆ, ಕಸದ ಬೆಂಕಿಯಿಂದ ಎದ್ದ ಕಣಗಳು ಬೇಕಾದಷ್ಟಿವೆ. ಹಳ್ಳಿಗಾಡಿನ ಬೆಳ್ಳನೆ ಮಂಜು ಊರು ಹತ್ತಿರವಾದಂತೆ ಬೂದುಬಣ್ಣಕ್ಕೆ ತಿರುಗಿ ಗಂಟಲು ಕೆರೆಯುವುದು ಇದರಿಂದಲೇ. ಇದಕ್ಕೆ ತಿರುಗುಮುರುಗಾದ ಸಂಗತಿಯೂ ಒಂದಿದೆ. ಸುಮಾರು ಹದಿನೇಳು ವರ್ಷಗಳ ಉಪಗ್ರಹ ಮಾಹಿತಿಯನ್ನು ಕೆದಕಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಕಾಂಕ್ರೀಟು ಹೀರಿಟ್ಟುಕೊಂಡ ಬಿಸಿಯಿಂದಾಗಿ ದೊಡ್ಡ ನಗರಗಳ ಮೇಲೆ ಮಂಜಿನ ಹಾಸಿಗೆಯಲ್ಲಿ ತೂತು ಬೀಳುತ್ತದೆ. ದೆಹಲಿಯ ಮೇಲಿನ ತೂತು ಎಲ್ಲಕ್ಕಿಂತ ದೊಡ್ಡದು. ರಾಜಧಾನಿಯವರು ಬೆಳಿಗ್ಗೆ ಕಿಟಕಿ ತೆಗೆದು ‘ಅಷ್ಟೇನೂ ಇಲ್ಲವಲ್ಲ’ ಎಂದುಕೊಳ್ಳುವ ದಿನವೂ ಅಲಿಗಢದ ಹತ್ತಿರ ರೈಲು ನಿಂತಿರಬಹುದು.

ಕಣ್ಣಳತೆ 1,000 ಮೀಟರಿಗಿಂತ ಕಡಿಮೆಯಾದರೆ ಹವಾಮಾನ ಇಲಾಖೆಯ ಪುಸ್ತಕದಲ್ಲಿ ಅದು ಮಂಜು. 200 ಮೀಟರಿಗಿಂತ ಕೆಳಗಿಳಿದರೆ ದಟ್ಟ ಮಂಜು. 50ಕ್ಕಿಂತ ಕೆಳಗಾದರೆ ಅತಿ ದಟ್ಟ. ರೈಲ್ವೆಗೆ ಇದಕ್ಕಿಂತ ಹಳೆಯ, ಮನೆಮಟ್ಟಿನ ಅಳತೆಯೊಂದಿದೆ. ಸ್ಟೇಷನ್ ಮಾಸ್ತರರ ಕೋಣೆಯಿಂದ 180 ಮೀಟರ್ ದೂರದಲ್ಲಿ ಒಂದು ಗುರುತಿನ ವಸ್ತು ಗೊತ್ತುಮಾಡಿರುತ್ತಾರೆ. ಒಂದು ಕಂಬವೋ ದೀಪವೋ ಆಗಿರಬಹುದು. ರಾತ್ರಿ ಪಾಳಿಯ ಮಾಸ್ತರರು ಮಫ್ಲರ್ ಬಿಗಿದುಕೊಂಡು ಪ್ಲಾಟ್‌ಫಾರ್ಮಿಗೆ ಬಂದು ಅದರತ್ತ ನೋಡುತ್ತಾರೆ. ಕಂಡರೆ ಸರಿ. ಕಾಣದಿದ್ದರೆ ನಿಯಮದ ಪ್ರಕಾರ ಮಂಜು ಬಿದ್ದಂತೆ. ಆ ಘಳಿಗೆಯಿಂದ ಮಂಜಿನ ಕಾನೂನುಗಳು ಜಾರಿಗೆ ಬರುತ್ತವೆ. ನೂರಾರು ಕೋಟಿಯ ಸಂಚಾರ ವ್ಯವಸ್ಥೆ ಕೊನೆಗೆ ಒಬ್ಬ ಮನುಷ್ಯ ಕಣ್ಣು ಕಿರಿದುಮಾಡಿ ನೋಡುವುದರ ಮೇಲೆ ನಿಂತಿದೆ ಎಂಬುದು ನನಗೆ ಒಮ್ಮೆ ಇಷ್ಟವಾಗುತ್ತದೆ, ಇನ್ನೊಮ್ಮೆ ದಿಗಿಲು ಹುಟ್ಟಿಸುತ್ತದೆ.

ಆಮೇಲೆ ಹೊರಡುವುದು ‘ಫಾಗ್‌ಮನ್’. ಇವನ ಕೈಯಲ್ಲಿ ಡಿಟೊನೇಟರ್ ಇರುತ್ತದೆ. ಅಂಗೈಯಗಲದ ತಗಡಿನ ಬಿಲ್ಲೆ, ಒಳಗೆ ಮದ್ದು, ಹಳಿಗೆ ಬಿಗಿಯಲು ಮೆತುವಾದ ಪಟ್ಟಿ. ಉತ್ತರದ ರೈಲ್ವೆಯವರು ಇದನ್ನು ಪಟಾಕಿ ಎಂದೇ ಕರೆಯುತ್ತಾರೆ. ಸಿಗ್ನಲಿಗೆ ಸುಮಾರು 270 ಮೀಟರ್ ಮುಂಚೆ, ಹತ್ತು ಮೀಟರ್ ಅಂತರದಲ್ಲಿ ಎರಡನ್ನು ಹಳಿಗೆ ಕಟ್ಟಿ, ಗಾಡಿ ಬರುವ ಹೊತ್ತಿಗೆ ಕನಿಷ್ಠ 45 ಮೀಟರ್ ದೂರ ಸರಿದು ನಿಲ್ಲಬೇಕು. ಗಾಲಿ ಹತ್ತಿದೊಡನೆ ಢಂ, ಢಂ. ಇಂಜಿನ್ನಿನಲ್ಲಿರುವವನಿಗೆ ಅರ್ಥವಾಗುವುದು ಇಷ್ಟು: ಸಿಗ್ನಲ್ ಬಂತು, ಹುಡುಕು. ಇಂಗ್ಲೆಂಡಿನ ಎಡ್ವರ್ಡ್ ಆಲ್ಫ್ರೆಡ್ ಕೂಪರ್ ಎಂಬ ಇಂಜಿನಿಯರ್ ಈ ಉಪಾಯ ಕಂಡುಹಿಡಿದದ್ದು 1841ರಲ್ಲಿ. ಆಗ ಭಾರತದಲ್ಲಿ ಪ್ರಯಾಣಿಕರ ರೈಲೇ ಇರಲಿಲ್ಲ. ಉಗಿಬಂಡಿ ಹೋಗಿ, ಡೀಸೆಲ್ ಹೋಗಿ, ವಿದ್ಯುತ್ ಇಂಜಿನ್ ಬಂದ ಮೇಲೂ ಪಟಾಕಿಯ ಪೆಟ್ಟಿಗೆ ಖಾಲಿಯಾಗಿಲ್ಲ.

ಇಂಜಿನ್ನಿನೊಳಗೆ ನಡೆಯುವುದನ್ನೂ ನೋಡಬೇಕು. ಲೋಕೋ ಪೈಲಟ್ ಮತ್ತು ಸಹಾಯಕ ಇಬ್ಬರೂ ಪ್ರತಿ ಸಿಗ್ನಲನ್ನೂ ಗಟ್ಟಿಯಾಗಿ ಕೂಗಿ ಹೇಳಬೇಕೆಂಬುದು ಪದ್ಧತಿ. ಒಬ್ಬ ಹಳದಿ ಎಂದರೆ ಇನ್ನೊಬ್ಬ ಹಳದಿ ಎನ್ನಬೇಕು. ಒಬ್ಬನ ಕಣ್ಣಿಗೆ ಇನ್ನೊಬ್ಬನ ಕಣ್ಣು ಸಾಕ್ಷಿ. ಗಂಟೆಗೆ 110 ಕಿಲೋಮೀಟರ್ ಓಡುವ ಗಾಡಿ ಒಂದು ಸೆಕೆಂಡಿಗೆ 30 ಮೀಟರ್ ಕ್ರಮಿಸುತ್ತದೆ. ಬ್ರೇಕು ಹಾಕಿದರೆ ನಿಲ್ಲಲು ಹತ್ತಿರಹತ್ತಿರ ಒಂದು ಕಿಲೋಮೀಟರ್ ಬೇಕು. ಕಣ್ಣಳತೆ 50 ಮೀಟರಾದರೆ, ಆ ವೇಗದಲ್ಲಿ ಕಂಬದ ಮೇಲಿನ ದೀಪ ಕಣ್ಣಿಗೆ ಸಿಗುವುದು ಎರಡು ಸೆಕೆಂಡಿಗೂ ಕಡಿಮೆ ಹೊತ್ತು. ರೆಪ್ಪೆ ಬಡಿದರೆ ಹೋಯಿತು. ಹಾಗಾಗಿ ವೇಗ ಇಳಿಸಲೇಬೇಕು. ಬಹುಕಾಲ 60 ಕಿಲೋಮೀಟರ್ ಮೀರಬಾರದೆಂಬ ಕಟ್ಟುಪಾಡಿತ್ತು. ಹೊಸ ಉಪಕರಣ ಬಂದ ಮೇಲೆ ಅದನ್ನು 75ಕ್ಕೆ ಏರಿಸಿದ್ದಾರೆ. ಅವೆರಡೂ ಮೇಲಿನ ಮಿತಿಗಳು ಮಾತ್ರ. ಎಷ್ಟರಲ್ಲಿ ಓಡಿಸಿದರೆ ಸುರಕ್ಷಿತ ಎಂಬ ನಿರ್ಧಾರ ಆ ಹೊತ್ತಿನಲ್ಲಿ ಆ ಪೈಲಟ್‌ನದೇ. ಮೂವತ್ತಕ್ಕೆ ಇಳಿಸಿದರೂ ಯಾರೂ ಆಕ್ಷೇಪಿಸುವಂತಿಲ್ಲ.

ನವದೆಹಲಿಯಿಂದ ಕಾನ್ಪುರಕ್ಕೆ ಸುಮಾರು 440 ಕಿಲೋಮೀಟರ್. 110ರಲ್ಲಿ ನಾಲ್ಕು ಗಂಟೆಯ ಹಾದಿ 60ರಲ್ಲಿ ಏಳು ಗಂಟೆ ದಾಟುತ್ತದೆ. ಬರೀ ಇಷ್ಟೇ ಆಗಿದ್ದರೆ ಮೂರು ಗಂಟೆಯ ತಡ ಎಂದು ಸುಮ್ಮನಿರಬಹುದಿತ್ತು. ದೆಹಲಿ–ಹೌರಾ ಮಾರ್ಗದಲ್ಲಿ ಹಳಿಯ ಸಾಮರ್ಥ್ಯಕ್ಕಿಂತ ಹೆಚ್ಚು ಗಾಡಿಗಳು ಓಡುವುದರಿಂದ ಲೆಕ್ಕ ತಪ್ಪುತ್ತದೆ. ಮುಂದಿನ ಗಾಡಿ ನಿಧಾನವಾದರೆ ಹಿಂದಿನದೂ ನಿಧಾನ, ಅದರ ಹಿಂದಿನದು ಸಿಗ್ನಲ್ ಕೆಳಗೆ ನಿಂತೇಬಿಡುತ್ತದೆ. ಹೀಗೆ ಹತ್ತಾರು ಗಾಡಿ ಸಾಲುಗಟ್ಟುವಷ್ಟರಲ್ಲಿ ಮೊದಲನೆಯದರ ಸಿಬ್ಬಂದಿಯ ಕರ್ತವ್ಯದ ಗಂಟೆ ಮುಗಿದಿರುತ್ತದೆ. ಹತ್ತು ಗಂಟೆ ಮಂಜಿನೊಳಗೆ ಕಣ್ಣು ನೆಟ್ಟು ಕೂತವನನ್ನು ಇನ್ನೂ ಓಡಿಸು ಎನ್ನುವುದು ಅಪಾಯ. ಬದಲಿ ಪೈಲಟ್ ಬರಬೇಕು. ಅವನು ಬರಬೇಕಾದ ಗಾಡಿಯೂ ಅದೇ ಸಾಲಿನಲ್ಲಿ ಎಲ್ಲೋ ಸಿಕ್ಕಿಕೊಂಡಿರುತ್ತದೆ. ಹನ್ನೆರಡು ಗಂಟೆ, ಹದಿನೆಂಟು ಗಂಟೆ ತಡ ಎಂಬ ಅಂಕಿಗಳು ಹುಟ್ಟುವುದು ಹೀಗೆ. ಲೂಧಿಯಾನಾದಿಂದ ಬಿಹಾರದ ಸೋನ್‌ನಗರದವರೆಗೆ 1,337 ಕಿಲೋಮೀಟರ್ ಉದ್ದದ ಸರಕು ಸಾಗಣೆಯ ಪ್ರತ್ಯೇಕ ಮಾರ್ಗ ಬಂದ ಮೇಲೆ ಗೂಡ್ಸುಗಳ ದೊಡ್ಡ ಪಾಲು ಅತ್ತ ಸರಿದಿದೆ. ಅಷ್ಟರಮಟ್ಟಿಗೆ ಉಸಿರಾಡಲು ಜಾಗ ಸಿಕ್ಕಿದೆ ಎನ್ನಬೇಕು.

ರೈಲ್ವೆಯ ಇನ್ನೊಂದು ಉಪಾಯ, ಗಾಡಿಯನ್ನೇ ಓಡಿಸದಿರುವುದು. ಡಿಸೆಂಬರಿನಿಂದ ಫೆಬ್ರುವರಿ ಕೊನೆಯವರೆಗೆ ಇಂತಿಂಥ ರೈಲುಗಳು ರದ್ದು, ಇಂತಿಂಥವು ವಾರದಲ್ಲಿ ಕಡಿಮೆ ದಿನ ಎಂಬ ಪಟ್ಟಿ ಚಳಿಗಾಲಕ್ಕೆ ಮೊದಲೇ ಹೊರಬೀಳುತ್ತದೆ. ಸಾಲು ಸಣ್ಣದಾದರೆ ಉಳಿದವು ಚೂರು ಬೇಗ ಹೋಗುತ್ತವೆಂಬುದು ತರ್ಕ. ತರ್ಕ ಸರಿಯೇ. ಆದರೆ ಆ ಪಟ್ಟಿಯಲ್ಲಿ ರಾಜಧಾನಿ, ವಂದೇ ಭಾರತ್ ಸಿಗುವುದು ಅಪರೂಪ. ಹೆಚ್ಚಾಗಿ ಸಿಗುವುದು ಸಣ್ಣ ಊರುಗಳನ್ನು ಜೋಡಿಸುವ, ಜನರಲ್ ಬೋಗಿಯವರೇ ತುಂಬಿರುವ ಗಾಡಿಗಳು. ಲೂಪ್ ಲೈನಿಗೆ ಹಾಕಿ ಕಾಯಿಸುವಾಗಲೂ ಮೊದಲ ಸರದಿ ಪ್ಯಾಸೆಂಜರ್ ಗಾಡಿಯದೇ.

ಅಲ್ಲಿ ಕಾಯುವವರು ಯಾರೆಂದರೆ ಪಾಣಿಪತ್, ಪಲ್ವಲ್, ಅಲಿಗಢ, ರೇವಾಡಿಯಿಂದ ದಿನಾ ದೆಹಲಿಗೆ ಬಂದು ಹೋಗುವ, ಎಂಎಸ್‌ಟಿ ಎಂಬ ತಿಂಗಳ ಪಾಸಿನ ಜನ. ಕಚೇರಿಯ ಕ್ಲರ್ಕು, ಅಂಗಡಿಯ ಹುಡುಗ, ಆಸ್ಪತ್ರೆಯ ಆಯಾ, ಕೋಚಿಂಗಿಗೆ ಹೋಗುವ ವಿದ್ಯಾರ್ಥಿ. ಇವರಲ್ಲಿ ಹಾಜರಿ ಪುಸ್ತಕ ಇರುವವರಿಗೆ ಅರ್ಧ ದಿನದ ರಜೆ ಹೋಗುತ್ತದೆ, ದಿನಗೂಲಿಯವರಿಗೆ ಇಡೀ ದಿನ ಹೋಗುತ್ತದೆ. ಬೆಳಿಗ್ಗೆ ಎಂಟಕ್ಕೆ ಲೇಬರ್ ಚೌಕದಲ್ಲಿ ನಿಂತಿರಬೇಕಾದವನು ಹತ್ತಕ್ಕೆ ಬಂದರೆ ಮೇಸ್ತ್ರಿ ಬೇರೆಯವರನ್ನು ಕರೆದುಕೊಂಡು ಹೋಗಿರುತ್ತಾನೆ. ಈ ನಷ್ಟ ಯಾವ ಇಲಾಖೆಯ ವರದಿಯಲ್ಲೂ ಕಾಣಿಸಿಕೊಳ್ಳುವುದಿಲ್ಲ.

ಮಂಜಿನ ಬೆಳಿಗ್ಗೆ ದೆಹಲಿಯ ಯಾವುದಾದರೂ ಎತ್ತರದ ಮೆಟ್ರೋ ನಿಲ್ದಾಣದಲ್ಲಿ ನಿಂತರೆ ಒಂದು ವಿಚಿತ್ರ ಕಾಣುತ್ತದೆ. ಕೆಳಗೆ ರಸ್ತೆಯಲ್ಲಿ ಕಾರುಗಳು ನಾಲ್ಕೂ ದೀಪ ಮಿಟುಕಿಸುತ್ತ ತೆವಳುತ್ತಿರುತ್ತವೆ, ಹತ್ತಿರದ ರೈಲು ಹಳಿಯ ಮೇಲೆ ಎಕ್ಸ್‌ಪ್ರೆಸ್ ಗಾಡಿ ನಿಂತು ಸೀಟಿ ಹೊಡೆಯುತ್ತಿರುತ್ತದೆ. ಮೇಲೆ ಮೆಟ್ರೋ ಮಾತ್ರ ಬಹುಮಟ್ಟಿಗೆ ವೇಳೆಗೆ ಸರಿಯಾಗಿ ಬರುತ್ತದೆ, ಹೋಗುತ್ತದೆ. ಅದೇ ಗಾಳಿ, ಅದೇ ಮಂಜು. ಮೆಟ್ರೋದಲ್ಲಿ ಸಿಗ್ನಲ್ ದಾರಿಬದಿಯ ಕಂಬದ ಮೇಲಿರುವ ಬದಲು ಚಾಲಕನ ಮುಂದಿನ ಪರದೆಯ ಮೇಲಿರುತ್ತದೆ. ಎಷ್ಟು ವೇಗದಲ್ಲಿ ಹೋಗಬಹುದು, ಎಲ್ಲಿ ನಿಲ್ಲಬೇಕು ಎಂಬುದು ಒಳಗೇ ಬರುತ್ತದೆ, ಅವನು ಮರೆತರೆ ಯಂತ್ರವೇ ಬ್ರೇಕು ಹಾಕುತ್ತದೆ. 2023ರಲ್ಲಿ ಶುರುವಾದ, ದೆಹಲಿ–ಮೀರತ್ ಮಾರ್ಗದ ನಮೋ ಭಾರತ್ ರೈಲುಗಳದೂ ಇದೇ ಬಗೆ. ಅಂದಮೇಲೆ ರೈಲನ್ನು ತಡೆಯುತ್ತಿರುವುದು ಚಳಿಯೂ ಅಲ್ಲ, ತೇವವೂ ಅಲ್ಲ. ಸಿಗ್ನಲನ್ನು ಕಂಬದಿಂದ ಇಳಿಸಿ ಇಂಜಿನ್ನಿನೊಳಕ್ಕೆ ತರದ ನಮ್ಮ ವಿಳಂಬ.

ತಂದಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಮೊದಲ ಮೆಟ್ಟಿಲು ‘ಫಾಗ್ ಪಾಸ್’ ಎಂಬ ಪುಟ್ಟ ಪೆಟ್ಟಿಗೆ. ಜಿಪಿಎಸ್‌ನಿಂದ ತನ್ನ ಜಾಗ ತಿಳಿದುಕೊಂಡು, ಸುಮಾರು 500 ಮೀಟರ್ ಮುಂಚೆಯೇ ಇಂತಹ ಸಿಗ್ನಲ್ ಬರುತ್ತಿದೆ, ಇಂತಹ ಲೆವೆಲ್ ಕ್ರಾಸಿಂಗ್ ಬರುತ್ತಿದೆ ಎಂದು ದನಿಯಲ್ಲಿ ಹೇಳುತ್ತದೆ. ಪೈಲಟ್ ಅದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ ಯಾವ ಇಂಜಿನ್ನಿನಲ್ಲಾದರೂ ಇಟ್ಟುಕೊಳ್ಳಬಹುದು. 2023–24ರ ಚಳಿಗಾಲಕ್ಕೆ ರೈಲ್ವೆ 19,742 ಪೆಟ್ಟಿಗೆಗಳನ್ನು ಒದಗಿಸಿತ್ತು. ಉಪಯುಕ್ತವೇ. ಆದರೆ ಅದಕ್ಕೆ ಸಿಗ್ನಲ್ ಎಲ್ಲಿದೆ ಎಂಬುದು ಗೊತ್ತೇ ಹೊರತು ಕೆಂಪಿದೆಯೋ ಹಸಿರಿದೆಯೋ ಗೊತ್ತಿಲ್ಲ. ಬಣ್ಣ ಹೇಳಬೇಕಾದವನು ಮತ್ತೆ ಮನುಷ್ಯನೇ.

ಬಣ್ಣವನ್ನೂ ಒಳಗೆ ತರುವುದು ‘ಕವಚ್’. ಕನ್ನಡಿಗರಿಗೆ ಹೆಚ್ಚು ಗೊತ್ತಿಲ್ಲದ ಸಂಗತಿಯೆಂದರೆ, ಇದರ ಆರಂಭದ ಪ್ರಯೋಗಗಳು ನಡೆದದ್ದು ದಕ್ಷಿಣ ಮಧ್ಯ ರೈಲ್ವೆಯ ಲಿಂಗಂಪಲ್ಲಿ–ವಿಕಾರಾಬಾದ್–ವಾಡಿ ಮತ್ತು ವಿಕಾರಾಬಾದ್–ಬೀದರ್ ಹಳಿಗಳ ಮೇಲೆ, ಸುಮಾರು 250 ಕಿಲೋಮೀಟರಿನಲ್ಲಿ. ಪ್ರಯಾಣಿಕರ ರೈಲಿನಲ್ಲಿ ಪರೀಕ್ಷೆ ಶುರುವಾದದ್ದು 2016ರಲ್ಲಿ. ಕಲಬುರಗಿಯ ಬಿಸಿಲು, ಬೀದರಿನ ಕೆಂಪು ಕಲ್ಲಿನ ನಡುವೆ, ಮಂಜೆಂಬುದು ಅಪರೂಪಕ್ಕೆ ಇಣುಕುವ ಕಡೆ, ಉತ್ತರದ ಮಂಜಿಗೆ ಬೇಕಾದ ಮದ್ದು ತಯಾರಾಯಿತು. 2020ರಲ್ಲಿ ಅದು ದೇಶದ ಅಧಿಕೃತ ರೈಲು ರಕ್ಷಣಾ ವ್ಯವಸ್ಥೆಯಾಯಿತು, 2024ರ ಜುಲೈನಲ್ಲಿ ನಾಲ್ಕನೇ ಆವೃತ್ತಿಗೆ ಒಪ್ಪಿಗೆ ಸಿಕ್ಕಿತು, 2025ರ ಜುಲೈ ಕೊನೆಗೆ ದೆಹಲಿ–ಮುಂಬೈ ಮಾರ್ಗದ ಮಥುರಾ–ಕೋಟಾ ನಡುವೆ ಕೆಲಸ ಶುರುಮಾಡಿತು. ದೇಶದ ರೈಲು ಮಾರ್ಗದ ಉದ್ದ 68 ಸಾವಿರ ಕಿಲೋಮೀಟರಿಗೂ ಮೇಲು. ನನ್ನ ತಕರಾರು ವೇಗದ ಬಗ್ಗೆ ಮಾತ್ರವಲ್ಲ, ಸರದಿಯ ಬಗ್ಗೆಯೂ ಇದೆ. ಪ್ರತಿ ಚಳಿಗಾಲ ಎಲ್ಲಿ ಕಣ್ಣು ಕಟ್ಟುತ್ತದೋ ಅಲ್ಲಿಗೆ, ದೆಹಲಿಯಿಂದ ಮೊಘಲ್‌ಸರಾಯ್‌ವರೆಗಿನ ಹಳಿಗೆ, ಎಲ್ಲಕ್ಕಿಂತ ಮೊದಲು ಸಿಗಬೇಕಾದ ಕವಚ ಇದು.

ಯಾಕೆ ಅವಸರ ಎನ್ನುವವರು 2010ರ ಜನವರಿ 2ನ್ನು ನೆನೆಯಬೇಕು. ಅಂದು ಉತ್ತರ ಪ್ರದೇಶದಲ್ಲಿ ದಟ್ಟ ಮಂಜು. ಕಾನ್ಪುರದ ಹತ್ತಿರ ಪನಕಿ ಎಂಬಲ್ಲಿ ಗೋರಖ್‌ಧಾಮ್ ಎಕ್ಸ್‌ಪ್ರೆಸ್ ಮುಂದಿದ್ದ ಪ್ರಯಾಗ್‌ರಾಜ್ ಎಕ್ಸ್‌ಪ್ರೆಸ್‌ಗೆ ಹಿಂದಿನಿಂದ ಗುದ್ದಿತು. ಇಟಾವಾ ಹತ್ತಿರ ಲಿಚ್ಛವಿ ಎಕ್ಸ್‌ಪ್ರೆಸ್ ಮಗಧ್ ಎಕ್ಸ್‌ಪ್ರೆಸ್‌ಗೆ ಗುದ್ದಿತು. ಒಂದೇ ಬೆಳಿಗ್ಗೆ, ಒಂದೇ ಮಾರ್ಗದಲ್ಲಿ. ಸುಮಾರು ಹತ್ತು ಜನ ಸತ್ತರು. ಆಮೇಲೆ ಗಾಡಿಗಳು ಇನ್ನಷ್ಟು ನಿಧಾನವಾದವು. ತಡವಾದರೆ ಬೈಯುವ ನಾವು ಈ ನಿಧಾನದ ಬೆಲೆಯನ್ನೂ ತಿಳಿದಿರಬೇಕು.

ರಸ್ತೆಯ ಕಥೆ ಚಿಕ್ಕದು, ಆದರೆ ಹೆಚ್ಚು ಕ್ರೂರ. ರೈಲಿಗೆ ಸಿಗ್ನಲಾದರೂ ಇದೆ, ಲಾರಿಗೆ ಅದೂ ಇಲ್ಲ. ಗ್ರೇಟರ್ ನೋಯ್ಡಾದಿಂದ ಆಗ್ರಾಕ್ಕೆ ಹೋಗುವ 165 ಕಿಲೋಮೀಟರಿನ ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಡಿಸೆಂಬರ್ 15ರಿಂದ ಫೆಬ್ರುವರಿ 15ರವರೆಗೆ ಕಾರಿನ ವೇಗಮಿತಿಯನ್ನು 100ರಿಂದ 75ಕ್ಕೆ ಇಳಿಸುತ್ತಾರೆ. 2017ರ ನವೆಂಬರಿನಲ್ಲಿ ಅಲ್ಲಿ ಒಂದಾದ ಮೇಲೊಂದು ಕಾರು ಬಂದು ಗುದ್ದಿಕೊಂಡ, ಜನ ಇಳಿದು ಓಡುತ್ತ ಹಿಂದಿನವರಿಗೆ ಕೈಬೀಸಿದ ವಿಡಿಯೊವನ್ನು ಇಡೀ ದೇಶ ನೋಡಿತು. ವೇಗಮಿತಿಯ ಫಲಕ ಕೂಡ ಮಂಜಿನಲ್ಲಿ ಕಾಣುವುದಿಲ್ಲ ಎಂಬುದು ಬೇರೆ ಮಾತು. ವಿಮಾನಕ್ಕೆ ಕ್ಯಾಟ್–3 ಎಂಬ ವ್ಯವಸ್ಥೆಯಿದೆ. ರನ್‌ವೇ 50 ಮೀಟರ್ ಕಂಡರೂ ಇಳಿಯಬಹುದು, ಆದರೆ ಏರಲು 125 ಮೀಟರ್ ಕಾಣಬೇಕು. ಹೀಗಾಗಿ ಇಳಿದವು ತುಂಬಿಕೊಂಡು, ಏರಬೇಕಾದವು ಅಲ್ಲೇ ಉಳಿಯುತ್ತವೆ. 2024ರ ಜನವರಿ ಮಧ್ಯದಲ್ಲಿ ಗೋವಾದಿಂದ ದೆಹಲಿಗೆ ಹೊರಟ ವಿಮಾನವೊಂದು ಮಂಜಿನ ದೆಸೆಯಿಂದ ಮುಂಬೈಗೆ ತಿರುಗಿದಾಗ ಪ್ರಯಾಣಿಕರು ವಿಮಾನದ ಪಕ್ಕದಲ್ಲೇ ನೆಲದ ಮೇಲೆ ಕೂತು ಊಟ ಮಾಡಿದರು. ದೊಡ್ಡ ಸುದ್ದಿಯಾಯಿತು, ಸಚಿವರು ಸಭೆ ಕರೆದರು, ಹೊಸ ನಿಯಮ ಬಂತು. ಪ್ಲಾಟ್‌ಫಾರ್ಮಿನಲ್ಲಿ ಕೂತು ಉಂಡವರಿಗಾಗಿ ಯಾರೂ ಸಭೆ ಕರೆದದ್ದು ನೆನಪಿಲ್ಲ.

ಇನ್ನು ಶಾಲೆ. ಮಕ್ಕಳ ಮಟ್ಟಿಗೆ ತೊಂದರೆ ಕೊಡುವುದು ರಾತ್ರಿಯ ಚಳಿಗಿಂತ ಹಗಲಿನದು. ಮಂಜು ಮಧ್ಯಾಹ್ನದವರೆಗೂ ಸೂರ್ಯನನ್ನು ಮುಚ್ಚಿದರೆ, 20 ಡಿಗ್ರಿಯ ಆಸುಪಾಸು ಇರಬೇಕಾದ ಹಗಲಿನ ತಾಪ 12–13ಕ್ಕೆ ಇಳಿಯುತ್ತದೆ. ಇಲಾಖೆ ಇದಕ್ಕೆ ‘ಕೋಲ್ಡ್ ಡೇ’ ಎಂಬ ಬೇರೆಯದೇ ಎಚ್ಚರಿಕೆ ಕೊಡುತ್ತದೆ. ಬೆಂಗಳೂರಿನಲ್ಲಿ ಈವರೆಗಿನ ಅತಿ ಕಡಿಮೆ ತಾಪ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ ಒಂದು ದಿನ. ಉತ್ತರದ ಬಯಲಿನಲ್ಲಿ ಮಕ್ಕಳು ಅಂಥ ಬೆಳಗಿನಲ್ಲಿ ವಾರಗಟ್ಟಲೆ ಏಳಬೇಕು. ಸರ್ಕಾರಿ ಶಾಲೆಯಾದರೆ ಗಾಜಿಲ್ಲದ ಕಿಟಕಿಯ ಕೋಣೆಯಲ್ಲಿ, ಎಷ್ಟೋ ಕಡೆ ನೆಲಕ್ಕೆ ಹಾಸಿದ ಚಾಪೆಯ ಮೇಲೆ ಕೂರಬೇಕು. ಉತ್ತರ ಪ್ರದೇಶ ಸರ್ಕಾರ ಸಮವಸ್ತ್ರ, ಸ್ವೆಟರು, ಬೂಟು, ಚೀಲ ಎಲ್ಲಕ್ಕೂ ಸೇರಿಸಿ ಒಂದು ಮಗುವಿಗೆ 1,200 ರೂಪಾಯಿಯನ್ನು ಪೋಷಕರ ಖಾತೆಗೆ ಹಾಕುತ್ತದೆ. ಅದರಲ್ಲಿ ಎಂಥ ಸ್ವೆಟರು ಬಂದೀತೆಂಬುದನ್ನು ಅಂಗಡಿಗೆ ಹೋದವರೇ ಹೇಳಬೇಕು.

ರಜೆ ಕೊಡುತ್ತಾರೆ, ನಿಜ. ಉತ್ತರ ಪ್ರದೇಶದ ಪ್ರಾಥಮಿಕ ಶಾಲೆಗಳಿಗೆ ಡಿಸೆಂಬರ್ 31ರಿಂದ ಜನವರಿ 14, ದೆಹಲಿಯ ಶಾಲೆಗಳಿಗೆ ಸಾಮಾನ್ಯವಾಗಿ ಜನವರಿಯ ಮೊದಲ ಪಕ್ಷ. ಮಂಜು ಈ ಗಡಿಗೆ ನಿಲ್ಲುವುದಿಲ್ಲ. ಆಗ ಜಿಲ್ಲಾ ಮ್ಯಾಜಿಸ್ಟ್ರೇಟರ ಆದೇಶ ಹೊರಡುತ್ತದೆ, ಎಂಟನೇ ತರಗತಿಯವರೆಗೆ ನಾಳೆ ರಜೆ ಎಂದು. ಹೆಚ್ಚಿನ ಸಲ ಹಿಂದಿನ ರಾತ್ರಿ, ವಾಟ್ಸ್‌ಆ್ಯಪ್‌ನಲ್ಲಿ. ಅದು ಅಸಲಿಯೋ ನಕಲಿಯೋ ಎಂದು ತಾಯಂದಿರು ಹನ್ನೊಂದು ಗಂಟೆ ರಾತ್ರಿ ಒಬ್ಬರಿಗೊಬ್ಬರು ಫೋನ್ ಮಾಡುತ್ತಾರೆ. 2024ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದದ್ದನ್ನೇ ನೋಡಿ. ಆ ವರ್ಷ ಬೇಗ ಮುಗಿಯಲಿದ್ದ ರಜೆಯನ್ನು ಜನವರಿ 10ರವರೆಗೆ ವಿಸ್ತರಿಸಿದ ಆದೇಶ ಹೊರಬಂತು. ಕೆಲವೇ ಗಂಟೆಗಳಲ್ಲಿ ಅದು ತಪ್ಪಾಗಿ ಹೊರಟದ್ದೆಂದು ಹಿಂದಕ್ಕೆ ಪಡೆದರು. ಮರುದಿನ ನರ್ಸರಿಯಿಂದ ಐದನೇ ತರಗತಿಯವರೆಗೆ 12ರ ತನಕ ರಜೆ ಎಂದು ಆಗಿನ ಶಿಕ್ಷಣ ಸಚಿವೆ ಆತಿಶಿ ಘೋಷಿಸಿದರು. 15ಕ್ಕೆ ಶಾಲೆ ತೆರೆದಾಗ ಬೆಳಿಗ್ಗೆ ಒಂಬತ್ತಕ್ಕೆ ಮೊದಲು ಶುರುಮಾಡಬಾರದು, ಸಂಜೆ ಐದು ದಾಟಬಾರದು ಎಂಬ ಕಟ್ಟಳೆ. ಎರಡು ಪಾಳಿಯಲ್ಲಿ ನಡೆಯುವ ಶಾಲೆಗಳು ಆ ಎಂಟು ಗಂಟೆಯೊಳಗೆ ಎರಡೂ ಪಾಳಿಯನ್ನು ತುರುಕಬೇಕಾಯಿತು.

ಚಳಿಗೆ ಹೆದರಿ ಶಾಲೆ ಮುಚ್ಚಿದ್ದು ಸರಿಯೇ ತಪ್ಪೇ ಎಂದರೆ ಉತ್ತರ ಅಷ್ಟು ಸುಲಭವಲ್ಲ. ಮುಚ್ಚಿದ ಶಾಲೆಯಲ್ಲಿ ಬಿಸಿಯೂಟವಿಲ್ಲ. 2024ರ ನವೆಂಬರಿನಲ್ಲಿ, ಮಾಲಿನ್ಯದಿಂದಾಗಿ ದೆಹಲಿಯ ತರಗತಿಗಳು ಆನ್‌ಲೈನ್ ಆದಾಗ, ಸುಪ್ರೀಂ ಕೋರ್ಟೇ ಇದನ್ನು ಎತ್ತಿ ಹೇಳಿತು: ಎಷ್ಟೋ ಮಕ್ಕಳಿಗೆ ಊಟ ತಪ್ಪುತ್ತಿದೆ, ಎಷ್ಟೋ ಮನೆಗಳಲ್ಲಿ ಆನ್‌ಲೈನ್ ಪಾಠ ಕೇಳುವ ಅನುಕೂಲವಿಲ್ಲ, ಮನೆಯೊಳಗಿನ ಗಾಳಿ ಹೊರಗಿನದಕ್ಕಿಂತ ಶುದ್ಧವೆಂದೇನೂ ಇಲ್ಲ. ಚಳಿಯ ರಜೆಗೂ ಈ ಮಾತು ಹಾಗೇ ಸಲ್ಲುತ್ತದೆ. ಒಂದೇ ಕೋಣೆಯ ಮನೆಯಲ್ಲಿ ಕೂತ ಮಗು ಶಾಲೆಯಲ್ಲಿ ಕೂತ ಮಗುವಿಗಿಂತ ಬೆಚ್ಚಗಿರುತ್ತದೆ ಎಂಬುದು ಆದೇಶಕ್ಕೆ ಸಹಿ ಹಾಕುವವರ ಊಹೆ.

ಕಾಶ್ಮೀರದಲ್ಲಿ ಈ ಗೊಂದಲ ಕಡಿಮೆ. ಅಲ್ಲಿ ಚಳಿಗಾಲವೇ ದೊಡ್ಡ ರಜೆ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಶಾಲೆ ಮುಚ್ಚಿರುತ್ತದೆ, ಶೈಕ್ಷಣಿಕ ವರ್ಷವನ್ನೇ ಅದಕ್ಕೆ ಹೊಂದಿಸಿದ್ದಾರೆ. ರೈಲನ್ನೂ ಹಾಗೇ ಹೊಂದಿಸಿದರು. 2025ರ ಜೂನ್‌ನಲ್ಲಿ ಕಟ್ರಾ–ಶ್ರೀನಗರ ನಡುವೆ ಶುರುವಾದ ವಂದೇ ಭಾರತ್ ಗಾಡಿಯ ಮುಂದಿನ ಗಾಜಿನೊಳಗೆ ಕಾವಿನ ತಂತಿಯಿದೆ, ನೀರಿನ ತೊಟ್ಟಿಗೆ ಹೀಟರ್ ಇದೆ, ಹಿಮ ಸರಿಸುವ ಗಾಡಿ ಮುಂದೆ ಹೋದ ಮೇಲೆ ಇದು ಹೋಗುತ್ತದೆ. ಹಿಮ ಬೀಳುವ ಊರಿಗೆ ಹಿಮವನ್ನು ಲೆಕ್ಕಕ್ಕೆ ತೆಗೆದುಕೊಂಡೇ ಎಲ್ಲವನ್ನೂ ಕಟ್ಟುತ್ತೇವೆ. ಬಯಲಿನ ಮಂಜು ಕಣ್ಣಿಗೆ ಅಷ್ಟು ಭೀಕರವಾಗಿ ಕಾಣುವುದಿಲ್ಲವೆಂದೋ ಏನೋ, ಅದರ ಮಟ್ಟಿಗೆ ಇನ್ನೂ ಆದೇಶ, ರದ್ದು, ವಿಷಾದಗಳಲ್ಲೇ ಕಾಲ ಹಾಕುತ್ತಿದ್ದೇವೆ. ಬಯಲಿನ ಜಿಲ್ಲೆಗಳೂ ಬೇಸಿಗೆ ರಜೆಯ ಹತ್ತು ದಿನವನ್ನು ಕತ್ತರಿಸಿ ಜನವರಿಗೆ ಅಂಟಿಸಿದರೆ, ಉಳಿದ ದಿನಗಳಲ್ಲಿ ಹತ್ತು ಗಂಟೆಗೆ ಬಾಗಿಲು ತೆರೆದರೆ, ಮಧ್ಯರಾತ್ರಿಯ ವಾಟ್ಸ್‌ಆ್ಯಪ್ ಬೇಕಾಗುವುದಿಲ್ಲ.

ಈ ತಿಂಗಳುಗಳಲ್ಲಿ ಉತ್ತರಕ್ಕೆ ಹೊರಟಿರುವವರಿಗೆ ಒಂದು ಮಾತು. ನೀವು ಹತ್ತುವ ನಿಲ್ದಾಣದಲ್ಲಿ ಗಾಡಿ ಮೂರು ಗಂಟೆಗಿಂತ ಹೆಚ್ಚು ತಡವಾಗಿ, ನೀವು ಪ್ರಯಾಣ ಬೇಡವೆಂದರೆ ಟಿಕೆಟ್ಟಿನ ಪೂರ್ತಿ ಹಣ ವಾಪಸ್ ಸಿಗುತ್ತದೆ. ಆನ್‌ಲೈನ್ ಟಿಕೆಟ್ಟಾದರೆ ಗಾಡಿ ನಿಜವಾಗಿ ಹೊರಡುವ ಮೊದಲೇ ಟಿಡಿಆರ್ ಅರ್ಜಿ ಹಾಕಿರಬೇಕು. ಹೊರಟ ಮೇಲೆ ಹಾಕಿದರೆ ಪ್ರಯೋಜನವಿಲ್ಲ. ಕರ್ನಾಟಕ ಎಕ್ಸ್‌ಪ್ರೆಸ್‌ನಂಥ ಗಾಡಿ ಝಾನ್ಸಿಯವರೆಗೆ ವೇಳೆಗೆ ಸರಿಯಾಗಿದೆ ಎಂದು ಊರಿಗೆ ಫೋನ್ ಮಾಡಿ, ಸ್ಟೇಷನ್ನಿಗೆ ಬನ್ನಿ ಎಂದು ಯಾರನ್ನೂ ಕರೆಯಬೇಡಿ. ಗ್ವಾಲಿಯರ್, ಆಗ್ರಾ ಇನ್ನೂ ಬಾಕಿಯಿರುತ್ತದೆ.

ಮಂಜಿನ ಗದ್ದಲದಲ್ಲಿ ಯಾರೂ ಹೇಳದ ಇನ್ನೊಂದು ಅಪಾಯವಿದೆ, ಅದು ಹಳಿಯದು. ಒಂದು ಕಿಲೋಮೀಟರ್ ಉದ್ದದ ಉಕ್ಕಿನ ಹಳಿಯನ್ನು ಸುಮ್ಮನೆ ಬಿಟ್ಟರೆ, 30 ಡಿಗ್ರಿ ತಾಪ ಇಳಿದಾಗ ಅದು ಸುಮಾರು ಮೀಟರಿನ ಮೂರನೇ ಒಂದು ಭಾಗದಷ್ಟು ಕುಗ್ಗುತ್ತದೆ. ಸ್ಲೀಪರಿಗೆ ಬಿಗಿದು ಕಟ್ಟಿದ ಹಳಿಗೆ ಕುಗ್ಗಲು ದಾರಿಯಿಲ್ಲ. ಆ ಎಳೆತವೆಲ್ಲ ಒಳಗೇ ಸೇರಿಕೊಂಡು, ಬೆಸುಗೆ ದುರ್ಬಲವಾದ ಕಡೆ ನಡುರಾತ್ರಿ ಬಿರುಕು ಬಿಡುತ್ತದೆ. ಅದನ್ನು ಹುಡುಕಲೆಂದೇ ಚಳಿಗಾಲದ ಗಸ್ತು ಇದೆ. ಟ್ರ್ಯಾಕ್‌ಮ್ಯಾನ್‌ಗಳು ಟಾರ್ಚು, ಸ್ಪ್ಯಾನರ್, ಕೆಂಪು ದೀಪ, ಅದೇ ಪಟಾಕಿಗಳನ್ನು ಹೊತ್ತುಕೊಂಡು ರಾತ್ರಿಯಿಡೀ ಹಳಿಯ ಮೇಲೆ ನಡೆಯುತ್ತಾರೆ. ಸಿಗ್ನಲ್ ಕಾಣದ ಮಂಜಿನಲ್ಲಿ ಬರುವ ಗಾಡಿಯೂ ಇವರಿಗೆ ಕಾಣುವುದಿಲ್ಲ. ಹತ್ತಿರದ ನಿಲ್ದಾಣದಿಂದ ಗಾಡಿ ಹೊರಟಿತೆಂದು ಕೈಯಲ್ಲಿರುವ ಪೆಟ್ಟಿಗೆ ನಡುಗಿ ಎಚ್ಚರಿಸುವ ‘ರಕ್ಷಕ್’ ಎಂಬ ಉಪಕರಣವೂ ತಯಾರಾಗಿದೆ. ಕವಚ್ ಎಲ್ಲ ಮಾರ್ಗಕ್ಕೆ ಬಂದರೂ ಬಿರುಕು ಬಿಟ್ಟ ಹಳಿಯನ್ನು ಹುಡುಕುವ ಕೆಲಸ ಅದರದ್ದಲ್ಲ, ಈ ನಡಿಗೆ ನಿಲ್ಲುವುದಿಲ್ಲ. ಮುಂದಿನ ಬಜೆಟ್ ಚರ್ಚೆಯಲ್ಲಿ ಕವಚ್ ಹೆಸರು ಹತ್ತು ಸಲ ಕೇಳಿಸುವುದು ಖಂಡಿತ. ಒಬ್ಬ ಸಂಸದರಾದರೂ ಎದ್ದುನಿಂತು, ಎಷ್ಟು ಟ್ರ್ಯಾಕ್‌ಮ್ಯಾನ್‌ಗಳ ಕೈಗೆ ರಕ್ಷಕ್ ಬಂದಿದೆ ಎಂದು ಕೇಳಲಿ.